ಟ್ರಯಲ್‌ಗೆ ಸೇರಿದರೆ ಅಪ್ಪ ಪ್ರಯೋಗದ ಇಲಿ ಆಗುತ್ತಾರಾ?

“ಅಪ್ಪನಿಗೆ ಬಾಯಿ ಕ್ಯಾನ್ಸರ್, ಆಪರೇಷನ್ ಆಗಿದೆ. ಇನ್ನು ರೇಡಿಯೇಷನ್ ಜೊತೆ ಕೀಮೋ ಕೊಡಬೇಕಂತೆ. ಮೈಸೂರಿನಲ್ಲಿ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿ ಕಾಗದ ಕೊಟ್ಟಿದ್ದಾರೆ. ಅವರ ಮೇಲೆ ಪ್ರಯೋಗ ಮಾಡುತ್ತಾರಾ ಸರ್?” ಎಂದು ಸೋಮವಾರಪೇಟೆಯ ಓದುಗರೊಬ್ಬರು ಕೇಳಿದ್ದಾರೆ.

ಟ್ರಯಲ್ ಅಂದ ಕೂಡಲೇ ಯಾರೂ ಕಂಡರಿಯದ ಔಷಧಿ ಎಂದುಕೊಳ್ಳುವವರೇ ಹೆಚ್ಚು. ಅಂಥವೂ ಇವೆ. ಆದರೆ ಕೀಮೋ-ರೇಡಿಯೇಷನ್ ಟ್ರಯಲ್‌ಗಳಲ್ಲಿ ಎಷ್ಟೋ ಸಲ ಔಷಧಿ ಹಳೆಯದೇ; ಎಷ್ಟು, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಅನ್ನುವುದಷ್ಟೇ ಪ್ರಶ್ನೆ. ತೋಟಕ್ಕೆ ಬೋರ್ಡೋ ಹೊಡೆಯುವವರಿಗೆ ಇದು ಗೊತ್ತು. ಮೈಲುತುತ್ತ ಅದೇ, ಸುಣ್ಣ ಅದೇ. ಹದ, ಹೊತ್ತು ತಪ್ಪಿದರೆ ಕೊಳೆರೋಗ ನಿಲ್ಲುವುದಿಲ್ಲ.

ಸಿಸ್‌ಪ್ಲಾಟಿನ್ನನ್ನೇ ನೋಡಿ. ಕ್ಯಾನ್ಸರ್ ಕೋಶಗಳು ರೇಡಿಯೇಷನ್‌ಗೆ ಬೇಗ ಸಾಯುವಂತೆ ಮಾಡುವ ಹಳೇ ಔಷಧಿ. ವಾರವಾರ ಸ್ವಲ್ಪಸ್ವಲ್ಪ ಕೊಟ್ಟರೆ ರೋಗಿ ತಡೆದುಕೊಳ್ಳುತ್ತಾರೆಂದು ನಮ್ಮಲ್ಲಿ ಅನೇಕರು ಹಾಗೇ ಕೊಡುತ್ತಿದ್ದರು. ಮುಂಬೈಯ ಟಾಟಾ ಮೆಮೋರಿಯಲ್‌ನವರು 300 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧ ಜನಕ್ಕೆ ವಾರಕ್ಕೊಮ್ಮೆ, ಮೈಯ ಚದರ ಮೀಟರಿಗೆ 30 ಮಿಲಿಗ್ರಾಂ. ಉಳಿದವರಿಗೆ 3 ವಾರಕ್ಕೊಮ್ಮೆ 100. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 2 ವರ್ಷದ ಹೊತ್ತಿಗೆ ಬಾಯಿ-ಕುತ್ತಿಗೆಯಲ್ಲಿ ರೋಗ ಹತೋಟಿಯಲ್ಲಿದ್ದದ್ದು ವಾರದ ಗುಂಪಿನಲ್ಲಿ ಶೇ. 58.5, ಇನ್ನೊಂದರಲ್ಲಿ ಶೇ. 73.1. ಅದಕ್ಕೆ ತೆತ್ತ ಬೆಲೆಯೂ ಇತ್ತು: ತೀವ್ರ ಅಡ್ಡಪರಿಣಾಮ ವಾರದ ಗುಂಪಿನಲ್ಲಿ ಶೇ. 71.6 ಆದರೆ 3 ವಾರದ ಗುಂಪಿನಲ್ಲಿ ಶೇ. 84.6. ಕಿವಿ ಗುಂಯ್‌ಗುಡುವುದು, ಕಿಡ್ನಿಗೆ ಪೆಟ್ಟು ಈ ಔಷಧಿಯ ಹಳೇ ಚಾಳಿ. ಆಮೇಲೆ 2022ರಲ್ಲಿ ಜಪಾನಿನವರು, ಆಪರೇಷನ್ ಆದವರಿಗೆ ಇದೇ ಚದರ ಮೀಟರ್ ಲೆಕ್ಕದಲ್ಲಿ ವಾರಕ್ಕೆ 40 ಮಿಲಿಗ್ರಾಂ ಕೊಟ್ಟರೆ 3 ವಾರದ ಡೋಸಿಗೇನೂ ಕಡಿಮೆಯಿಲ್ಲ ಎಂದು ತೋರಿಸಿದರು. ರೋಗಿಗಳು ಒಪ್ಪಿ ಸೇರದೆ ಇದು ಯಾರಿಗೆ ಗೊತ್ತಾಗುತ್ತಿತ್ತು?

ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ, ಡಾಕ್ಟರಲ್ಲ. ನನ್ನ ಮನೆಯವರಾದರೆ ನನಗೂ ಒಂದು ಕ್ಷಣ ಅಳುಕಾದೀತು. ಆದರೆ ಯಾವುದು ಮೇಲು ಎಂದು ಡಾಕ್ಟರುಗಳಿಗೇ ಖಾತ್ರಿ ಇಲ್ಲದಾಗ ಮಾತ್ರ ಹಾಗೆ ಮಾಡುವುದು ಸರಿ. ಅದನ್ನು ನೋಡಲೆಂದೇ ನೈತಿಕ ಸಮಿತಿ ಇರುತ್ತದೆ.

ಕಾಗದ ಕನ್ನಡದಲ್ಲಿದೆಯೇ? ಇಲ್ಲದಿದ್ದರೆ ಕೇಳಿ, ಮನೆಗೆ ತಂದು ಓದಿ. 2009ರಿಂದ ದೇಶದ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ಪಟ್ಟಿಯಲ್ಲಿ ನೋಂದಾಯಿಸಲೇಬೇಕು, ಆ ನಂಬರ್ ಕೇಳಿ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಯಾರ ಹೊಣೆ ಅನ್ನುವುದು ಆ ಕಾಗದದಲ್ಲಿ ಬರೆದಿರಬೇಕು. ನಡುವೆ ಬೇಡವೆನಿಸಿದರೆ ಬಿಡಬಹುದು. ಬಿಟ್ಟರೆಂದು ಆಸ್ಪತ್ರೆಯವರು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಇನ್ನೊಂದು ಮಾತು. ಯಾವ ಗುಂಪಿಗೆ ಬಂದರೂ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ 5 ದಿನ, 6ರಿಂದ 7 ವಾರ. ದಿನಾ ಮುಖಕ್ಕೆ ಜಾಲರಿಯಂಥ ಅಚ್ಚು ಬಿಗಿದು ಮಲಗಿಸುತ್ತಾರೆ. ಬಿಸಿನೀರಲ್ಲಿ ಮೆದುವಾದ ಪ್ಲಾಸ್ಟಿಕ್ಕನ್ನು ಅವರ ಮುಖದ ಮೇಲೇ ಒತ್ತಿ ಮಾಡಿದ್ದು. ಬಾಯಿ ಹುಣ್ಣಾದ ಮೇಲೆ ಕುಶಾಲನಗರದ ಬಸ್ಸು ಹತ್ತಿ ದಿನಾ ಹೋಗಿಬರುವುದು ಆಗದ ಕೆಲಸ. ಡಿಸೆಂಬರ್‌ನಲ್ಲಿ ಶುರುವಾದರೆ ಕಾಫಿ ಕೊಯ್ಲೂ ಅಡ್ಡ ಬರುತ್ತದೆ. ಹೀಗಾಗಿ ಮೈಸೂರಿನಲ್ಲಿ ಇಬ್ಬರಿಗೆ ಉಳಿಯಲು ಜಾಗವನ್ನು ಈಗಲೇ ನೋಡಿ, ಓಡಾಟದ ಖರ್ಚು ಟ್ರಯಲ್‌ನವರು ಕೊಡುತ್ತಾರಾ ಎಂದೂ ಸಹಿಗೆ ಮುಂಚೆ ಕೇಳಿಬಿಡಿ.