ಬ್ಲೈಂಡ್ಸ್ ರಿಪೇರಿಗೆ ಕೈಹಾಕಿದಾಗ ದಾರವನ್ನೂ ನೋಡಿ

ಬ್ಲೈಂಡ್ಸ್ ಅಂದರೆ ಕಿಟಕಿಗೆ ಪರದೆಯ ಬದಲು ಹಾಕುವ ಅಡ್ಡಪಟ್ಟಿಗಳ ಸಾಲು. ಪಟ್ಟಿಗಳನ್ನು ವಾಲಿಸಲು ಪಕ್ಕದಲ್ಲಿ ನೇತಾಡುವ ಕೋಲು ಗಿರಗಿರ ತಿರುಗುತ್ತದೆ, ಪಟ್ಟಿಗಳು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಇಷ್ಟಾದರೆ ಸಾಕು, ಎಷ್ಟೋ ಜನ ಇಡೀ ಬ್ಲೈಂಡ್ಸನ್ನೇ ಕಿತ್ತು ಬಿಸಾಕುತ್ತಾರೆ. ಹಾಗೆ ಮಾಡಬೇಡಿ. ಹೆಚ್ಚಿನ ಸಲ ಕೆಟ್ಟಿರುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಗೇರ್ ಡಬ್ಬಿ ಅಷ್ಟೇ. ಅದರ ಹೆಸರು ಟಿಲ್ಟರ್.

ಮೇಲಿನ ಪೆಟ್ಟಿಗೆಯೊಳಗೆ ಉದ್ದಕ್ಕೂ ಒಂದು ರಾಡ್ ಇರುತ್ತದೆ. ಅದಕ್ಕೆ ಅಲ್ಲಲ್ಲಿ ಸಣ್ಣ ಉರುಳೆಗಳು, ಉರುಳೆಗಳಿಂದ ಇಳಿಬಿದ್ದ ಏಣಿಯಂಥ ದಾರ, ಆ ಏಣಿಯ ಮೆಟ್ಟಿಲುಗಳ ಮೇಲೆ ಪಟ್ಟಿಗಳು. ರಾಡ್ ತಿರುಗಿದಾಗ ಏಣಿಯ ಒಂದು ಬದಿ ಮೇಲೇರಿ ಇನ್ನೊಂದು ಬದಿ ಇಳಿಯುತ್ತದೆ, ಪಟ್ಟಿಗಳು ವಾಲುತ್ತವೆ. ಈ ರಾಡನ್ನು ತಿರುಗಿಸುವುದು ಟಿಲ್ಟರ್ ಒಳಗಿನ ವರ್ಮ್ ಗೇರ್, ಅಂದರೆ ಒಂದು ತಿರುಪು ಮತ್ತು ಅದಕ್ಕೆ ಕಚ್ಚಿಕೊಂಡ ಹಲ್ಲಿನ ಚಕ್ರ. ತಿರುಪು ಚಕ್ರವನ್ನು ಸಲೀಸಾಗಿ ತಿರುಗಿಸುತ್ತದೆ, ಆದರೆ ಚಕ್ರಕ್ಕೆ ತಿರುಪನ್ನು ತಿರುಗಿಸಲು ಆಗುವುದಿಲ್ಲ. ತಿರುಪಿನ ಏರು ತೀರಾ ಕಡಿಮೆ, ಹಾಗಾಗಿ ಘರ್ಷಣೆಯೇ ತಡೆದು ನಿಲ್ಲಿಸುತ್ತದೆ. ಪಟ್ಟಿಗಳು ನಾವು ಬಿಟ್ಟಲ್ಲೇ ನಿಲ್ಲುವುದು ಇದರಿಂದ.

ಈ ಗೇರ್ ಸಾಮಾನ್ಯವಾಗಿ ಪ್ಲಾಸ್ಟಿಕ್. ವರ್ಷಗಟ್ಟಲೆ ಕಿಟಕಿಯ ಬಿಸಿಯಲ್ಲಿ ಇದ್ದು ಪೆಡಸಾಗುತ್ತದೆ. ಪಟ್ಟಿಗಳು ಪೂರ್ತಿ ಮುಚ್ಚಿದ ಮೇಲೂ ನಾವು ಬಲವಂತವಾಗಿ ತಿರುಗಿಸಿದರೆ ರಾಡ್ ಕೂರುವ ತೂತು ಸೀಳುತ್ತದೆ, ಇಲ್ಲವೇ ಕೋಲು ನೇತಾಡುವ ಕೊಕ್ಕೆ ಮುರಿಯುತ್ತದೆ.

ಹೊಸದನ್ನು ಕೊಳ್ಳುವ ಮುಂಚೆ ರಾಡ್‌ನ ತುದಿ ನೋಡಿ. ಅದು ಚೌಕವೋ, ಆರು ಮೂಲೆಯದೋ, ಒಂದು ಬದಿ ಚಪ್ಪಟೆಯಾದ ದುಂಡೋ? ದಪ್ಪ ಎಷ್ಟು? ಪೆಟ್ಟಿಗೆಯ ಎತ್ತರ, ಅಗಲ ಎಷ್ಟು? ಅಳತೆ ಒಂದು ಮಿಲಿಮೀಟರ್ ತಪ್ಪಿದರೂ ಕೂರುವುದಿಲ್ಲ, ಅಥವಾ ಸಡಿಲವಾಗಿ ಕೂತು ಮತ್ತೆ ಹಾಳಾಗುತ್ತದೆ. ಹಳೆಯ ಟಿಲ್ಟರನ್ನು ಬಿಚ್ಚಿ ಕೈಯಲ್ಲಿಟ್ಟುಕೊಂಡೇ ಹೋಲಿಸಿ.

ಟಿಲ್ಟರ್‌ನಲ್ಲಿ ಎರಡು ಬಗೆ. ಒಂದಕ್ಕೆ ಕೋಲು, ಇನ್ನೊಂದಕ್ಕೆ ಎಳೆಯುವ ಎರಡು ದಾರ. ನಿಮ್ಮದು ದಾರದ್ದಾಗಿದ್ದರೆ, ಅದೇ ಪೆಟ್ಟಿಗೆಗೆ ಹೊಂದುವ ಕೋಲಿನ ಟಿಲ್ಟರ್ ಸಿಗುತ್ತದಾ ನೋಡಿ, ಸಿಕ್ಕರೆ ಅದನ್ನೇ ಹಾಕಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಮಕ್ಕಳು: ನೇತಾಡುವ ದಾರ ಮಗುವಿನ ಕುತ್ತಿಗೆಗೆ ಸಿಕ್ಕಿಕೊಂಡರೆ ಪ್ರಾಣವೇ ಹೋಗಬಹುದು.

ದೊಡ್ಡವರಲ್ಲೂ ಕುತ್ತಿಗೆಯ ಸಿರೆ ಮುಚ್ಚಲು ಸುಮಾರು 2 ಕಿಲೋ ಭಾರ ಸಾಕು, ಮೆದುಳಿಗೆ ರಕ್ತ ಒಯ್ಯುವ ಅಪಧಮನಿ ಮುಚ್ಚಲು ಸುಮಾರು 5 ಕಿಲೋ. ವರ್ಷದ ಮಗುವೇ ಎಂಟು-ಹತ್ತು ಕಿಲೋ ಇರುತ್ತದೆ ಅಲ್ವಾ? ಹಾಗಾಗಿ ಮಗು ನೇತಾಡಬೇಕೆಂದೇನೂ ಇಲ್ಲ, ಕಾಲು ನೆಲದ ಮೇಲಿದ್ದೂ ದಾರದ ಮೇಲೆ ಮುಂದಕ್ಕೆ ವಾಲಿದರೆ ಸಾಕು. ತಲೆ ಭಾರ, ಹಿಂದಕ್ಕೆ ಸರಿಯಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಸದ್ದೂ ಬರುವುದಿಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗದಂತೆ ನಡೆದುಹೋಗುತ್ತದೆ.

ತೂಗಾಡುವ ದಾರ ಮಾತ್ರವಲ್ಲ, ಪಟ್ಟಿಗಳ ನಡುವೆ ಹಾದುಹೋಗುವ, ಬ್ಲೈಂಡ್ಸ್ ಎತ್ತುವ ದಾರವನ್ನೂ ಮಗು ಹೊರಗೆಳೆದು ಕುಣಿಕೆ ಮಾಡಿಕೊಳ್ಳಬಹುದು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2000ದಲ್ಲಿ ಸುಮಾರು 8.5 ಕೋಟಿ ಬ್ಲೈಂಡ್ಸ್‌ಗಳಿಗೆ ದುರಸ್ತಿ ಆಗಬೇಕೆಂದದ್ದು ಇದೇ ಕಾರಣಕ್ಕೆ. ಪರಿಹಾರ ಪುಟ್ಟದು: ಪೆಟ್ಟಿಗೆಯ ಹತ್ತಿರ ದಾರಕ್ಕೆ ಒಂದು ತಡೆ ಕಟ್ಟಿದರೆ ಅದು ಜಾಸ್ತಿ ಹೊರಗೆ ಬರುವುದಿಲ್ಲ. ಅಲ್ಲಿನ ಮಾನದಂಡದ ಪ್ರಕಾರ 2018ರ ಕೊನೆಯಿಂದ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡ್ಸ್‌ಗೆ ಉದ್ದ ತೂಗಾಡುವ ದಾರ ಇರಕೂಡದು. ಆದರೆ ಇಂಥ ನಿಯಮ ಮುಟ್ಟುವುದು ಹೊಸದನ್ನು. ಹಳೆಯದು ಗೋಡೆಯ ಮೇಲೇ ಇರುತ್ತದೆ, ಟಿಲ್ಟರ್ ಬದಲಿಸಿದರೆ ಅದರ ಆಯುಸ್ಸಿನ ಜೊತೆ ದಾರದ ಆಯುಸ್ಸೂ ಬೆಳೆಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಎತ್ತುವ ದಾರವೇ ಇಲ್ಲದ ಬ್ಲೈಂಡ್ಸ್ ಆದರೆ ಧೈರ್ಯವಾಗಿ ರಿಪೇರಿ ಮಾಡಿ. ದಾರ ನೇತಾಡುತ್ತಿದ್ದು ಮನೆಗೆ ಚಿಕ್ಕ ಮಕ್ಕಳು ಬಂದುಹೋಗುತ್ತಿದ್ದರೆ, ಗೇರ್ ಎಷ್ಟೇ ಸುಲಭವಾಗಿ ಸಿಕ್ಕರೂ ದಾರವಿಲ್ಲದ್ದಕ್ಕೆ ಬದಲಾಯಿಸಿ. ಬದಲಾಯಿಸುವವರೆಗೆ ದಾರವನ್ನು ಗೋಡೆಯ ಕೊಕ್ಕೆಗೆ ಎತ್ತರದಲ್ಲಿ ಬಿಗಿಯಾಗಿ ಸುತ್ತಿಡಿ. ತೊಟ್ಟಿಲು, ಮಂಚ, ಹತ್ತಿ ನಿಲ್ಲುವಂಥ ಕುರ್ಚಿ ಏನಿದ್ದರೂ ಕಿಟಕಿಯಿಂದ ಇವತ್ತೇ ದೂರ ಸರಿಸಿ.