ಉಪ್ಪಿನ ಕೈ ಹಿಡಿದ ಸಕ್ಕರೆ

ಭೇದಿ ಆಗುತ್ತಿರುವ ಮಗುವಿಗೆ ನೀರು ಕೊಟ್ಟರೆ ಇನ್ನೂ ಜಾಸ್ತಿ ಆಗುತ್ತದಂತೆ. ಈ ಮಾತು ಇವತ್ತಿಗೂ ಕಿವಿಗೆ ಬೀಳುತ್ತದೆ. ಕೇಳಿದಾಗಲೆಲ್ಲ ನನ್ನ ಹೊಟ್ಟೆ ಕಿವುಚಿದಂತಾಗುತ್ತದೆ. ಮೈಯ ನೀರು, ಉಪ್ಪು ಸೋರಿಹೋಗಿಯೇ ಅಲ್ವಾ ಭೇದಿಯಲ್ಲಿ ಪುಟ್ಟ ಜೀವ ಹೋಗುವುದು? ಅಂಥ ಹೊತ್ತಲ್ಲಿ ಲೋಟವನ್ನೂ ಕಿತ್ತುಕೊಂಡರೆ ಹೇಗೆ?

1971ರಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಲಕ್ಷಗಟ್ಟಲೆ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. 1961ರಲ್ಲಿ ಇಂಡೋನೇಷ್ಯಾದಲ್ಲಿ ಶುರುವಾದ ಏಳನೇ ಕಾಲರಾ ಮಹಾಪಿಡುಗು ಆ ನಿರಾಶ್ರಿತರ ಶಿಬಿರಗಳಿಗೆ ನುಗ್ಗಿತು. ಗಡಿ ಪಕ್ಕದ ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆ ಇದ್ದದ್ದು 16 ಹಾಸಿಗೆ. ಉಳಿದವರೆಲ್ಲ ನೆಲದ ಮೇಲೆ, ವಾಂತಿ ಭೇದಿಯ ನಡುವೆಯೇ ಮಲಗಿದ್ದರು. ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದವು.

ಮಕ್ಕಳ ವೈದ್ಯರಾಗಿ ತರಬೇತಿ ಪಡೆದಿದ್ದ ದಿಲೀಪ್ ಮಹಲನಬಿಸ್ ಅಲ್ಲಿದ್ದರು. ಇರುವ ಡ್ರಿಪ್ಪನ್ನು ತೀರಾ ನಿತ್ರಾಣರಾದವರಿಗೆ ಎತ್ತಿಟ್ಟರು. ಉಳಿದವರಿಗೆ ಓಆರ್‌ಎಸ್, ಅಂದರೆ ಉಪ್ಪು ಸಕ್ಕರೆ ಕಲಸಿದ ಕುಡಿಯುವ ನೀರು: ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್ ಎಂಬ ಸಕ್ಕರೆ, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಸಾಮಗ್ರಿಗೆ ಲೀಟರಿಗೆ 11 ಪೈಸೆ ಖರ್ಚು. ನಲ್ಲಿ ಹಾಕಿದ ಡ್ರಮ್ಮುಗಳಲ್ಲಿ ಕಲಸಿಟ್ಟು, ಕುಡಿಸುವ ಕೆಲಸವನ್ನು ಮನೆಯವರ ಕೈಗೇ ಕೊಟ್ಟರು. ಶಿಬಿರಗಳಲ್ಲಿ ನೂರಕ್ಕೆ 30ರಷ್ಟು ರೋಗಿಗಳು ಸಾಯುತ್ತಿದ್ದರು. ಇವರ ಆರೈಕೆಯಲ್ಲಿ ಅದು 3.6ಕ್ಕೆ ಇಳಿಯಿತು!

ಇದು ಸಾಧ್ಯವಾದದ್ದು ಕರುಳಿನ ಒಂದು ಪುಟ್ಟ ಬಾಗಿಲಿನಿಂದ. ಕಾಲರಾ ವಿಷ ಕರುಳಿನಲ್ಲಿ ನೀರು ಹೊರಹೋಗುವ ದಾರಿಯನ್ನು ಹಾರುಹೊಡೆಯುತ್ತದೆ. ಉಪ್ಪು ಮಾತ್ರ ಕೊಟ್ಟರೆ ಅದು ಒಳಗೆ ಸರಿಯಾಗಿ ಸೇರುವುದಿಲ್ಲ. ಆದರೆ ಕರುಳಿನ ಗೋಡೆಯಲ್ಲಿ ಜೋಡಿಯಾಗಿ ಬಂದವರನ್ನಷ್ಟೇ ಬಿಡುವ ಬಾಗಿಲೊಂದಿದೆ. ಗ್ಲೂಕೋಸ್ ಉಪ್ಪಿನಲ್ಲಿರುವ ಸೋಡಿಯಂನ ಕೈ ಹಿಡಿದು ಬಂದರೆ ಎರಡೂ ಒಳಗೆ. ಎರಡು ಕೀಲಿ ಒಟ್ಟಿಗೆ ತಿರುಗಿಸಿದರೆ ಮಾತ್ರ ತೆರೆಯುವ ಬೀಗ ಅಂದುಕೊಳ್ಳಿ. ಈ ಬಾಗಿಲನ್ನು ಕಾಲರಾ ಕೆಡಿಸುವುದಿಲ್ಲ. 1960ರಲ್ಲಿ ಪ್ರಾಗ್‌ನ ಸಭೆಯೊಂದರಲ್ಲಿ ವಿಜ್ಞಾನಿ ರಾಬರ್ಟ್ ಕ್ರೇನ್ ಈ ಜೋಡಿಯ ವಿಷಯ ಮುಂದಿಟ್ಟಾಗ, ಅದು ಇಷ್ಟು ಮಕ್ಕಳನ್ನು ಬದುಕಿಸೀತು ಎಂದು ಯಾರು ತಾನೇ ಊಹಿಸಿದ್ದರು?

ಸರಿ, ನೀರು? ಹೆಚ್ಚಿದ ಸೌತೆಕಾಯಿಗೆ ಉಪ್ಪು ಉದುರಿಸಿ ನೋಡಿ, ಸ್ವಲ್ಪ ಹೊತ್ತಿಗೇ ತಟ್ಟೆ ತುಂಬ ನೀರು. ಉಪ್ಪು ಎಲ್ಲಿ ಜಾಸ್ತಿಯೋ ನೀರು ಅಲ್ಲಿಗೆ ಹೋಗುತ್ತದೆ, ತಾಯಿಯ ಸೆರಗು ಹಿಡಿದ ಮಗುವಿನ ಹಾಗೆ. ಸೋಡಿಯಂ ಮೈಯೊಳಗೆ ಸೇರಿದರೆ ನೀರೂ ಮೈಯೊಳಗೆ. ಸಕ್ಕರೆಯೂ ನೀರನ್ನು ಹೀಗೇ ಎಳೆಯುತ್ತದೆ. ಅದಕ್ಕೇ ತುಂಬ ಸಿಹಿಯಾದ ಜ್ಯೂಸು, ಸೋಡಾ ಕೊಟ್ಟರೆ ನೀರು ತಿರುಗಿ ಕರುಳಿಗೇ ಬಂದು ಭೇದಿ ಹೆಚ್ಚುತ್ತದೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಓಆರ್‌ಎಸ್‌ನ ಗ್ಲೂಕೋಸ್ ಮತ್ತು ಉಪ್ಪನ್ನು ಇಳಿಸಿತು: ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು.

ಹಾಗಾಗಿ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಕಲಸಿ. ರುಚಿಗೆಂದು ಸಕ್ಕರೆ ಬೆರೆಸಬೇಡಿ. ಎದೆಹಾಲು ನಿಲ್ಲಿಸಬೇಡಿ. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚ ಚಮಚವಾಗಿ ಕುಡಿಸಿ. ಮಗು ಕುಡಿಯಲೂ ಆಗದಷ್ಟು ಸೊರಗಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಕೂಡಲೇ ಆಸ್ಪತ್ರೆಗೆ ಹೊರಡಿ. ಕುಡಿಯುವಂತಿದ್ದರೆ ದಾರಿಯಲ್ಲೂ ಕುಡಿಸುತ್ತಲೇ ಇರಿ.