ಕಬ್ಬಿಣದ ಗುಳಿಗೆ ನುಂಗಿದರೂ ರಕ್ತ ಏರದಿದ್ದರೆ

‘ಮೂರ್ ತಿಂಗಳಾತು ಗುಳಿಗಿ ತಗೊಳ್ಳಾಕತ್ತು, ರಕ್ತ ಏರವಲ್ದು’ ಎಂಬ ಮಾತು ಹುಬ್ಬಳ್ಳಿ, ಗದಗದ ದವಾಖಾನೆಗಳಲ್ಲಿ ಹೊಸದಲ್ಲ. ಹೀಗೆನ್ನುವವರಿಗೆ ಸಂಧಿವಾತವೋ ಕ್ಷಯವೋ ಕಿಡ್ನಿ ತೊಂದರೆಯೋ ಸಕ್ಕರೆ ಕಾಯಿಲೆಯ ಮಾಯದ ಕಾಲಿನ ಹುಣ್ಣೋ ಇದ್ದರೆ, ಗುಳಿಗೆ ಹೆಚ್ಚಿಸುವ ಮೊದಲು ಒಂದಿಷ್ಟು ವಿಚಾರ ಮಾಡಬೇಕು. ಮೈಯಲ್ಲಿ ಕಬ್ಬಿಣ ಇದ್ದೂ ಅದು ರಕ್ತಕಣ ತಯಾರಿಸುವ ಅಸ್ಥಿಮಜ್ಜೆಯ (ಎಲುಬಿನೊಳಗಿನ ಮಜ್ಜೆ) ಕೈಗೆ ಸಿಗದಿರಬಹುದು.

ಹೊಸ ರಕ್ತಕಣ ಕಟ್ಟಲು ಮಜ್ಜೆಗೆ ದಿನಕ್ಕೆ 20–25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ದಕ್ಕುವುದು 1–2 ಮಿಲಿಗ್ರಾಂ ಅಷ್ಟೇ. ಉಳಿದದ್ದು, ಸುಮಾರು 120 ದಿನ ಬಾಳಿ ಮುಪ್ಪಾದ ಕೆಂಪುಕಣಗಳನ್ನು ಗುಲ್ಮ (ಸ್ಪ್ಲೀನ್), ಯಕೃತ್ತಿನ ಮ್ಯಾಕ್ರೋಫೇಜ್ ಎಂಬ ಹಳೆ ಕಣ ನುಂಗುವ ಕೋಶಗಳು ಒಡೆದು ಮರಳಿಸುವ ಕಬ್ಬಿಣ. ಮೇಲೆ ಹೇಳಿದಂಥ ಕಾಯಿಲೆಗಳಿಂದ ಮೈಯಲ್ಲಿ ಉರಿಯೂತ (ಇನ್‌ಫ್ಲಮೇಶನ್) ಇದ್ದಾಗ ಐಎಲ್-6 ಎಂಬ ರಾಸಾಯನಿಕದ ಪ್ರಚೋದನೆಗೆ ಯಕೃತ್ತು ಹೆಪ್ಸಿಡಿನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಕೋಶದಿಂದ ಕಬ್ಬಿಣ ಹೊರಬರುವ ಬಾಗಿಲು ಫೆರೋಪೋರ್ಟಿನ್. ಹೆಪ್ಸಿಡಿನ್ ಅದನ್ನೇ ಮುಚ್ಚಿಬಿಡುತ್ತದೆ, ಕರುಳಿನಲ್ಲೂ ಗುಲ್ಮದಲ್ಲೂ. ರೋಗಾಣುಗಳಿಗೆ ಕಬ್ಬಿಣ ದಕ್ಕದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಇದು; ತಿಂಗಳುಗಟ್ಟಲೆ ನಡೆದರೆ ಮಜ್ಜೆಯೇ ಬಡವಾಗುತ್ತದೆ. ರಕ್ತಕಣ ಕಟ್ಟಲು ಮಜ್ಜೆಯನ್ನು ಪ್ರಚೋದಿಸುವ ಎರಿಥ್ರೋಪೊಯೆಟಿನ್ ಹಾರ್ಮೋನು ಕೂಡ ಸಾಕಷ್ಟು ಏರುವುದಿಲ್ಲ.

ದಾರಿ ತಪ್ಪಿಸುವುದು, ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಎಂಬ ರಕ್ತಪರೀಕ್ಷೆಯ ವರದಿ. ಉರಿಯೂತದಲ್ಲಿ ಅದು ತಾನಾಗಿಯೇ ಏರುವುದರಿಂದ ‘ನಾರ್ಮಲ್’ ಎಂದು ಬರೆದಿದ್ದರೂ ನಂಬುವಂತಿಲ್ಲ. ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿ, ರಕ್ತದಲ್ಲಿ ಸಾಗುವ ಕಬ್ಬಿಣ ಎಷ್ಟೆಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ನೋಡಲೇಬೇಕು. ಸ್ಯಾಚುರೇಶನ್ ಶೇ 20ಕ್ಕಿಂತ ಕೆಳಗಿದ್ದು ಫೆರಿಟಿನ್ (ಮಿಲಿಲೀಟರ್‌ಗೆ ನ್ಯಾನೋಗ್ರಾಂ ಲೆಕ್ಕದಲ್ಲಿ) 100ಕ್ಕಿಂತ ಮೇಲಿದ್ದರೆ ಉರಿಯೂತದ ರಕ್ತಹೀನತೆಯತ್ತ ಬೊಟ್ಟು. ಫೆರಿಟಿನ್ 30ರೊಳಗಿದ್ದರೆ ನಿಜವಾದ ಕೊರತೆ. ನಡುವಿನ ಅಂಕಿಯಲ್ಲಿ ಎರಡೂ ಕೂಡಿರುವ ಸಾಧ್ಯತೆ ಹೆಚ್ಚು, ನಮ್ಮ ಭಾಗದ ಹೆಣ್ಣುಮಕ್ಕಳಲ್ಲಂತೂ ಇದನ್ನು ಮರೆಯಬಾರದು.

ಮೂಲ ರೋಗ ಹತೋಟಿಗೆ ಬಂದಂತೆ ಹಿಮೋಗ್ಲೋಬಿನ್ ಸಾಮಾನ್ಯವಾಗಿ ತಾನೇ ಏರುತ್ತದೆ. ಆದ್ದರಿಂದ ಕ್ಷಯದ ಔಷಧ, ಸಂಧಿವಾತದ ಔಷಧ ನಡುವೆ ಬಿಡುವಂತಿಲ್ಲ. ಕಬ್ಬಿಣದ ಕೊರತೆಯೂ ಇದ್ದರೆ ದಿನಕ್ಕೆರಡು ಗುಳಿಗೆ ನುಂಗುವುದರಿಂದ ಹೆಚ್ಚು ಲಾಭವಿಲ್ಲ. ಒಂದು ಡೋಸ್ ಕೂಡ ಸುಮಾರು 24 ತಾಸು ಹೆಪ್ಸಿಡಿನ್ ಏರಿಸುವುದರಿಂದ, ಅಷ್ಟರೊಳಗೆ ನುಂಗಿದ ಇನ್ನೊಂದನ್ನು ಕರುಳು ಸರಿಯಾಗಿ ಹೀರುವುದಿಲ್ಲ. ದಿನ ಬಿಟ್ಟು ದಿನ ಸಾಕೇ ಎಂದು ವೈದ್ಯರನ್ನು ಕೇಳಿ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿ ಇದ್ದರೆ, ಗುಳಿಗೆಗೂ ಚಹಾಕ್ಕೂ ಒಂದೆರಡು ತಾಸಿನ ಅಂತರವಿರಲಿ. ಕರುಳು ಹೀರದಿದ್ದರೆ ರಕ್ತನಾಳಕ್ಕೆ ಚುಚ್ಚಿ ಕೊಡುವ ಕಬ್ಬಿಣವಿದೆ. ತೀವ್ರ ಸೋಂಕು ಇರುವಾಗ ಅದನ್ನು ಮುಂದೂಡುತ್ತಾರೆ.

ಸಂಧಿನೋವಿಗೆ ಮೆಡಿಕಲ್ ಅಂಗಡಿಯಿಂದ ತಾವೇ ನೋವಿನ ಗುಳಿಗೆ ತಂದು ನುಂಗುವವರಲ್ಲಿ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುವುದರಿಂದ ಅದು ಮರೆಯಾಗಿ ಹೋಗುತ್ತದೆ. ಮಲ ಡಾಂಬರಿನಂತೆ ಅಂಟಾಗಿ, ದುರ್ವಾಸನೆ ಬಂದರೆ ಅಂದೇ ದವಾಖಾನೆಗೆ ಹೋಗಿ.